ಆರದ ಇಂಜಿನ್ ಲೈಟು

ಹಳೆಯ ಕಾರಿನ ಮೀಟರ್ ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿತೆಂದರೆ ಮುಂದಿನ ಕಥೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಮಿಸ್ತ್ರಿ ಸ್ಕ್ಯಾನರ್ ಹಚ್ಚುತ್ತಾರೆ, ಒಂದು ಕೋಡ್ ಬರುತ್ತದೆ, ಅದರಲ್ಲಿ ಯಾವ ಸೆನ್ಸಾರಿನ ಹೆಸರಿದೆಯೋ ಅದನ್ನೇ ಬದಲಿಸಿ ಕೋಡ್ ಅಳಿಸುತ್ತಾರೆ. ನಾಲ್ಕು ದಿನ ಸುಮ್ಮನಿದ್ದು ದೀಪ ಮತ್ತೆ ಹತ್ತುತ್ತದೆ. ಆಮೇಲೆ ಇನ್ನೊಂದು ಸೆನ್ಸಾರ್, ಆಮೇಲೆ ಪ್ಲಗ್ಗು, ಕಾಯಿಲು. ಕೊನೆಗೆ "ಹಳೇ ಗಾಡಿ, ಹಿಂಗ ಇರೂದ" ಎಂಬ ಸಮಾಧಾನವಷ್ಟೇ ಉಳಿಯುತ್ತದೆ. ಇದರಲ್ಲಿ ಗಾಡಿಯ ವಯಸ್ಸಿನ ಪಾತ್ರ ಕಡಿಮೆ, ನಮ್ಮ ಅವಸರದ ಪಾತ್ರ ಹೆಚ್ಚು. ಕೋಡ್ ಎಂಬುದು ಠಾಣೆಗೆ ಬಂದ ದೂರಿದ್ದಂತೆ. ಹೆಸರು ಬಂದವನನ್ನು ವಿಚಾರಣೆಯಿಲ್ಲದೆ ಒಳಗೆ ಹಾಕಿದರೆ ಕಳ್ಳ ಹೊರಗೇ ಉಳಿಯುತ್ತಾನೆ. ನಾಲ್ಕು ದಿನದ ಆ ಮೌನಕ್ಕೂ ಬೇರೆಯೇ ಕಾರಣವಿದೆ: ಬಹುಪಾಲು ದೋಷಗಳು ಸತತ ಎರಡು ಓಡಾಟಗಳಲ್ಲಿ ಕಾಣಿಸಿದರೆ ಮಾತ್ರ ಕಂಪ್ಯೂಟರ್ ದೀಪ ಹತ್ತಿಸುತ್ತದೆ. ಕೋಡ್ ಅಳಿಸಿದಾಗ ಆ ಎಣಿಕೆ ಮೊದಲಿನಿಂದ ಶುರುವಾಗುತ್ತದೆ, ಅಷ್ಟೆ.

ಮೊದಲು ನೋಡಬೇಕಾದದ್ದು ಗಾಡಿಯ ಆರ್‌ಸಿಯನ್ನು. ದೋಷವನ್ನು ತಾನೇ ಗುರುತಿಸುವ ಒಬಿಡಿ ವ್ಯವಸ್ಥೆ ನಮ್ಮಲ್ಲಿ ಬಿಎಸ್-4 ಎಂಬ ಹೊಗೆ ಮಿತಿಯ ಕಾರುಗಳಿಗೆ 2010ರ ಏಪ್ರಿಲ್‌ನಿಂದ ಬಂತು, ಅದರ ಎರಡನೆಯ ಹಂತ 2013ರ ಏಪ್ರಿಲ್‌ನಿಂದ. ಆದರೆ 2010ರಲ್ಲಿ ಬಿಎಸ್-4 ಕಡ್ಡಾಯವಾದದ್ದು 13 ನಗರಗಳಲ್ಲಿ ಮಾತ್ರ. ಬೆಂಗಳೂರು, ಪುಣೆ, ಸೊಲ್ಲಾಪುರ ಆ ಪಟ್ಟಿಯಲ್ಲಿದ್ದವು. ಇಡೀ ದೇಶಕ್ಕೆ ಅದು ಅನ್ವಯಿಸಿದ್ದು 2017ರಲ್ಲಿ. ಹೀಗಾಗಿ 2012ರ ಒಂದೇ ಮಾಡೆಲ್ಲಿನ ಎರಡು ಕಾರುಗಳಲ್ಲಿ, ಪುಣೆ ಪಾಸಿಂಗಿನದ್ದು ಬಿಎಸ್-4 ಆಗಿದ್ದು ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಕೊಂಡದ್ದು ಬಿಎಸ್-3 ಆಗಿರಬಹುದು. ಸೆಕೆಂಡ್ ಹ್ಯಾಂಡ್ ಗಾಡಿಗಳು ಮಹಾರಾಷ್ಟ್ರದ ಗಡಿ ದಾಟಿ ಬರುವ ಹುಕ್ಕೇರಿ, ಸಂಕೇಶ್ವರದ ಕಡೆ ಇದು ಗಮನಿಸಬೇಕಾದ ಮಾತು. ಒಬಿಡಿಗೂ ಹಿಂದಿನ ಎಂಪಿಎಫ್ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ) ಗಾಡಿಗಳಲ್ಲೂ ಇಂಜಿನ್ ಲೈಟು ಇದೆ, ಆದರೆ ಅವುಗಳ ಕೋಡು ಕಂಪನಿಯದೇ ಭಾಷೆಯಲ್ಲಿರುವುದರಿಂದ ಅಗ್ಗದ ಸ್ಕ್ಯಾನರ್‌ಗೆ ಅವು ಬಾಯಿ ಬಿಡದಿರಬಹುದು. ಇನ್ನೊಂದು ಮಾತು: ಚಾವಿ ತಿರುಗಿಸಿದಾಗ ಈ ದೀಪ ಹತ್ತಿ, ಇಂಜಿನ್ ಶುರುವಾದ ಮೇಲೆ ಆರಬೇಕು. ಚಾವಿ ತಿರುಗಿಸಿದರೂ ಹತ್ತದಿದ್ದರೆ ಖುಷಿಪಡಬೇಡಿ. ಮಾರುವವರು ಬಲ್ಬನ್ನೇ ಕಿತ್ತಿರಬಹುದು.

ಈಗ ಒಂದು ಕೋಡನ್ನೇ ಹಿಡಿದು ನೋಡೋಣ. ಪಿ 0171 ಎಂದರೆ ಇಂಜಿನ್ನಿಗೆ ಗಾಳಿಯ ಪ್ರಮಾಣಕ್ಕೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಎಂದರ್ಥ. ಹಾಗೆಂದು ಹೇಳಿದ್ದು ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸಾರ್, ಆದ್ದರಿಂದ ಮೊದಲು ಬಲಿಯಾಗುವುದೂ ಅದೇ. ಕೊರತೆಯನ್ನು ತುಂಬಲು ಕಂಪ್ಯೂಟರ್ ಇಂಜೆಕ್ಟರ್‌ಗಳಿಂದ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಹೀಗೆ ಹೆಚ್ಚಿಸಿದ ಪ್ರಮಾಣವೇ ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ ಎಂದು ಶೇಕಡಾ ಲೆಕ್ಕದಲ್ಲಿ ಕಾಣುತ್ತದೆ. ಅದು ಸೊನ್ನೆಯ ಆಚೀಚೆ ಐದರೊಳಗಿದ್ದರೆ ಆರೋಗ್ಯ. ಸಾಮಾನ್ಯವಾಗಿ 20-25ರ ಆಸುಪಾಸಿಗೆ ಹೋದರೆ ದೀಪ ಹತ್ತುತ್ತದೆ. ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ನ ಮೂಲಕ ಇಲ್ಲಿ ನಮ್ಮ ಕಬ್ಬಿನ ಕಥೆಯೂ ಸೇರಿಕೊಳ್ಳುತ್ತದೆ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥೆನಾಲ್‌ಗೆ 9 ಕಿಲೋ ಸಾಕು. ಶೇ. 20ರಷ್ಟು ಎಥೆನಾಲ್ ಬೆರೆತಾಗ ಈ ಅಂಕಿ 13.5ರ ಹತ್ತಿರ ಇಳಿಯುತ್ತದೆ. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು, ಲೀಟರ್ ಲೆಕ್ಕದಲ್ಲಿ ಹೇಳುವುದಾದರೆ: ಶೇ. 10ರ ಮಿಶ್ರಣಕ್ಕೆ ಹೊಂದಿಸಿದ ಕಾರಿಗೆ ಸುಮಾರು ಶೇ. 4, ಶುದ್ಧ ಪೆಟ್ರೋಲಿಗೆ ಹೊಂದಿಸಿದ ಕಾರಿಗೆ ಶೇ. 7-8. ಹಾಗಾದರೆ ಎಲ್ಲಕ್ಕೂ ಹೊಸ ಪೆಟ್ರೋಲೇ ಕಾರಣ ಎನ್ನುವವರಿದ್ದಾರೆ. ಲೆಕ್ಕ ಅದನ್ನು ಒಪ್ಪುವುದಿಲ್ಲ. ಎಂಟು ಎಂಬುದು ಇಪ್ಪತ್ತಲ್ಲ. ಉಳಿದ ಹನ್ನೆರಡಕ್ಕೆ ಬೇರೆ ಕಾರಣವೊಂದು ಮೊದಲೇ ಇತ್ತು. ಎಥೆನಾಲ್ ಅದನ್ನು ಗೆರೆ ದಾಟಿಸಿತು.

ಆ ಕಾರಣವನ್ನು ಹುಡುಕಲು ಒಂದು ಸ್ಪೇರ್ ಪಾರ್ಟೂ ಬೇಕಿಲ್ಲ. ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಒಮ್ಮೆ, 2,500 ಆರ್‌ಪಿಎಂನಲ್ಲಿ ಒಮ್ಮೆ ಟ್ರಿಮ್ ಓದಬೇಕು. ಐಡ್ಲಿಂಗಿನಲ್ಲಿ 22 ಇದ್ದದ್ದು ರೇಸ್ ಕೊಟ್ಟಾಗ 6ಕ್ಕೆ ಇಳಿದರೆ ಎಲ್ಲೋ ಗಾಳಿ ಸೋರಿ ಒಳಬರುತ್ತಿದೆ. ಇಂಜಿನ್ ಹೆಚ್ಚು ಗಾಳಿ ಎಳೆಯುವಾಗ ಆ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ. ಅದು ಉಲ್ಟಾ ಆಗಿ, ಲೋಡಿನಲ್ಲಿ ಏರಿದರೆ ಪೆಟ್ರೋಲ್ ಪಂಪು, ಫಿಲ್ಟರ್ ನೋಡಬೇಕು. ಒಂದು ಎಚ್ಚರ: ಏರ್ ಫ್ಲೋ ಸೆನ್ಸಾರ್ ಇಲ್ಲದೆ, ಇನ್‌ಟೇಕಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸಾರ್‌ನಿಂದ ಗಾಳಿ ಅಂದಾಜಿಸುವ ಸಣ್ಣ ಕಾರುಗಳು ನಮ್ಮಲ್ಲಿ ಬಹಳ. ಅವುಗಳಲ್ಲಿ ಇನ್‌ಟೇಕ್ ಸೋರಿದರೆ ಟ್ರಿಮ್‌ಗಿಂತ ಹೆಚ್ಚಾಗಿ ಐಡ್ಲಿಂಗೇ ಏರುತ್ತದೆ. ಅಂಥ ಗಾಡಿಯಲ್ಲಿ ಐಡ್ಲಿಂಗಿನಲ್ಲಷ್ಟೇ ಟ್ರಿಮ್ ಏರಿದ್ದರೆ, ಆಕ್ಸಿಜನ್ ಸೆನ್ಸಾರಿಗಿಂತ ಇಂಜಿನ್ ಕಡೆಗೆ ಸೈಲೆನ್ಸರ್ ಪೈಪು ಅಥವಾ ಗ್ಯಾಸ್ಕೆಟ್ ಸೀಳಿ ಹೊರಗಿನ ಗಾಳಿ ಸೇರುತ್ತಿರಬಹುದು. ಸೆನ್ಸಾರ್ ತನಗೆ ಸಿಕ್ಕ ಗಾಳಿಯ ಬಗ್ಗೆ ನಿಜವನ್ನೇ ಹೇಳುತ್ತಿತ್ತು.

ವೈರಿಂಗಿನ ವಿಚಾರ ಈ ಮೂರು ತಾಲೂಕುಗಳಲ್ಲಿ ಇನ್ನೂ ದೊಡ್ಡದು. 2019ರ ಆಗಸ್ಟ್ ಪ್ರವಾಹದಲ್ಲಿ ಘಟಪ್ರಭೆ ಗೋಕಾಕ ಊರೊಳಗೇ ನುಗ್ಗಿತ್ತು. ನೀರಲ್ಲಿ ನಿಂತ ಗಾಡಿಯ ಇಂಜಿನ್ ಬೇಗ ಚೇತರಿಸಿಕೊಂಡೀತು. ಆದರೆ ವೈರುಗಳನ್ನು ಜೋಡಿಸುವ ಕಪ್ಲರ್ ಒಳಗಿನ ತಾಮ್ರದ ಪಿನ್ನುಗಳಿಗೆ ಹಸಿರು ಕಿಲುಬು ಹತ್ತಲು ವರ್ಷಗಳೇ ಹಿಡಿಯಬಹುದು. ಕಬ್ಬಿನ ಗದ್ದೆಯ ಪಕ್ಕ ನಿಲ್ಲಿಸಿದ ಗಾಡಿಯ ವೈರನ್ನು ಇಲಿ ಕಡಿಯುವುದಂತೂ ಹೊಸದೇನಲ್ಲ. ಅನೇಕ ಸೆನ್ಸಾರ್‌ಗಳಿಗೆ ಕಂಪ್ಯೂಟರ್ 5 ವೋಲ್ಟ್ ಕಳಿಸುತ್ತದೆ. ಅಂಥ ಸೆನ್ಸಾರಿನ ಕಪ್ಲರ್ ಬಿಚ್ಚಿ, ಚಾವಿ ಆನ್ ಮಾಡಿ ಮಲ್ಟಿಮೀಟರ್ ಹಿಡಿದಾಗ 5 ಬಾರದಿದ್ದರೆ ಎಷ್ಟು ದುಬಾರಿ ಸೆನ್ಸಾರ್ ತಂದು ಹಾಕಿದರೂ ಉಪಯೋಗವಿಲ್ಲ. ಕೋಡು ಹೇಳುವುದು ಆ ಸರ್ಕ್ಯೂಟಿನಲ್ಲಿ ದೋಷವಿದೆ ಎಂದು. ಸರ್ಕ್ಯೂಟಿನಲ್ಲಿ ಸೆನ್ಸಾರ್ ಒಂದು ತುದಿ ಮಾತ್ರ.

ಇದಕ್ಕೆಲ್ಲ ಹೊತ್ತು ಯಾರು ಕೊಡುತ್ತಾರೆ ಎಂಬ ಆಕ್ಷೇಪ ಸುಳ್ಳಲ್ಲ. ಪಾರ್ಟ್ ಹಾಕಿದರೆ ಬಿಲ್ಲು ಬರೆಯಬಹುದು, ಒಂದು ತಾಸು ಅಳೆದುನೋಡಿದ್ದಕ್ಕೆ ಗಿರಾಕಿ "ಬರೀ ನೋಡಿದ್ದಕ್ಕ ರೊಕ್ಕ?" ಎನ್ನುತ್ತಾನೆ. ಈ ವಿಷಯದಲ್ಲಿ ನನಗೆ ಮಿಸ್ತ್ರಿಗಿಂತ ಗಿರಾಕಿಯದೇ ತಪ್ಪು ಹೆಚ್ಚೆನಿಸುತ್ತದೆ. ನೋಡಿದ್ದಕ್ಕೆ ಕೊಡದ ಹಣವನ್ನು ಬೇಡದ ಸೆನ್ಸಾರಿಗೆ ಅವನೇ ಕೊಡುತ್ತಾನೆ. ಅನುಭವಿ ಮಿಸ್ತ್ರಿ ಪಾರ್ಟ್ ಬದಲಿಸಿಯೇ ದೋಷ ಕಂಡುಹಿಡಿಯುವುದಿಲ್ಲವೇ ಎಂದೂ ಕೇಳಬಹುದು. ಹೌದು, ಆದರೆ ಆತ ಮಾಡುವುದು ಅದಲು ಬದಲು. ಮೊದಲ ಸಿಲಿಂಡರ್ ಮಿಸ್ ಆಗುತ್ತಿದೆ ಎಂದು ಪಿ 0301 ಬಂದರೆ ಅದರ ಕಾಯಿಲನ್ನು ಎರಡನೆಯದಕ್ಕೆ ಹಾಕಿ ಓಡಿಸುತ್ತಾನೆ. ಕೋಡು ಪಿ 0302 ಆದರೆ ಕಾಯಿಲು ಕೆಟ್ಟಿದೆ, ಅಲ್ಲೇ ಉಳಿದರೆ ಕಾಯಿಲು ನಿರ್ದೋಷಿ. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆಯಿದು, ಖರೀದಿಯಲ್ಲ.

ಗಾಡಿ ಓಡುತ್ತಿದೆಯಲ್ಲ, ದೀಪ ಇದ್ದರಿರಲಿ ಎನ್ನುವ ವಾದಕ್ಕೂ ಅರ್ಧ ಉತ್ತರವಿದೆ. ದೀಪ ಸ್ಥಿರವಾಗಿ ಉರಿಯುತ್ತಿದ್ದು ಪಿಕಪ್, ಬಿಸಿ, ಆಯಿಲ್ ಸರಿಯಿದ್ದರೆ ಸಂಕೇಶ್ವರದಿಂದ ಗೋಕಾಕಕ್ಕೆ ಬಂದು ತೋರಿಸಬಹುದು. ಮಿಟುಕುತ್ತಿದ್ದರೆ ಹಾಗಲ್ಲ. ಅದು ಜೋರು ಮಿಸ್‌ಫೈರ್‌ನ ಸೂಚನೆ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಅದನ್ನೇ ಕರಗಿಸಬಲ್ಲದು, ಆಗ ನೂರಾರು ರೂಪಾಯಿಯ ಪ್ಲಗ್ಗಿನ ಕೆಲಸ ಹತ್ತಾರು ಸಾವಿರಕ್ಕೆ ಏರುತ್ತದೆ. ಅಲ್ಲಿಯೇ ನಿಲ್ಲಿಸುವುದು ಲೇಸು.

ರಿಪೇರಿಯಾದ ಮೇಲೆ ದೀಪ ಆರಿದ್ದೇ ಸಾಕ್ಷಿಯಾಗದು. ಕೋಡ್ ಅಳಿಸುವ ಮೊದಲು ದೋಷ ಕಂಡ ಕ್ಷಣದ ವೇಗ, ಬಿಸಿ, ಲೋಡು ಬರೆದಿಟ್ಟಿರುವ ಫ್ರೀಜ್ ಫ್ರೇಮ್‌ನ ಫೋಟೋ ತೆಗೆದಿಟ್ಟುಕೊಳ್ಳಬೇಕು. ಅಳಿಸಿದರೆ ಅದೂ ಹೋಗುತ್ತದೆ. ಆಮೇಲೆ ಮೂಡಲಗಿಯ ಊರೊಳಗಿನ ಓಡಾಟ, ಪುಣೆ-ಬೆಂಗಳೂರು ಹೆದ್ದಾರಿಯ ಏಕವೇಗ, ರಾತ್ರಿ ತಣ್ಣಗಾದ ಇಂಜಿನ್ನಿನ ಬೆಳಗಿನ ಸ್ಟಾರ್ಟ್, ಈ ಮೂರೂ ಆಗುವವರೆಗೆ ಓಡಿಸಿ ಮತ್ತೆ ಸ್ಕ್ಯಾನರ್ ಹಚ್ಚಿಸಿ. ಸ್ವಯಂ ಪರೀಕ್ಷೆಗಳೆಲ್ಲ ಮುಗಿದಿವೆ ಎಂದು ಅದು ತೋರಿಸಿ, ಟ್ರಿಮ್ ಐದರೊಳಗೆ (ಶುದ್ಧ ಪೆಟ್ರೋಲಿಗೆ ಹೊಂದಿಸಿದ ಕಾರಾದರೆ ಎಂಟರ ಆಸುಪಾಸಿಗೆ) ಬಂದಿದ್ದರೆ ಮಿಸ್ತ್ರಿಗೆ ಉಳಿದ ಬಾಕಿ ಕೊಡಬಹುದು.