ಕತ್ಸುಮಿ ಬಂದ ದಾರಿ, ಎಚ್‌ಎಎಲ್ ಹೋದ ದಾರಿ

ರಾತ್ರಿ ಹತ್ತರ ಹೊತ್ತಿಗೆ ವೈಟ್‌ಫೀಲ್ಡ್ ಕಡೆಯ ಯಾವುದಾದರೂ ಟರ್ಫ್‌ಗೆ ಹೋಗಿ ನೋಡಿ. ಸುತ್ತ ಬಲೆ ಕಟ್ಟಿದ ಅಂಗಳ, ಮೂಲೆ ಮೂಲೆಗೆ ಫ್ಲಡ್‌ಲೈಟ್, ಕೊರಳ ಐಡಿ ಕಾರ್ಡ್ ಬ್ಯಾಗಿಗೆ ತುರುಕಿ ಬಂದ ಹುಡುಗರು. ಬಾಡಿಗೆ ಗಂಟೆ ಲೆಕ್ಕ. ಒಂಬತ್ತಕ್ಕೆ ಇಳಿದವರನ್ನು ಹತ್ತಕ್ಕೆ ಬಂದವರು ಗೇಟಿನಾಚೆಯಿಂದಲೇ ‘ಟೈಮ್ ಆಯ್ತು ಗುರೂ’ ಎಂದು ಎಬ್ಬಿಸುತ್ತಾರೆ. ಆಡಿ ಮನೆಗೆ ಬಂದು ಸಾಕ್ಸ್ ಕಳಚಿದರೆ ಸಾಸಿವೆ ಚೆಲ್ಲಿದ ಹಾಗೆ ಕರಿ ರಬ್ಬರ್ ಕಾಳು ನೆಲಕ್ಕೆ ಉದುರುತ್ತದೆ.

ಇಲ್ಲಿ ಎಲ್ಲರಿಗೂ ಗೋಲು ಹೊಡೆಯುವ ಆಸೆ. ನಡುವೆ ನಿಂತು ಚೆಂಡು ಕಿತ್ತು, ಇನ್ನೊಬ್ಬರ ಕಾಲಿಗೆ ಕೊಟ್ಟು, ಮತ್ತೆ ಹಿಂದಕ್ಕೆ ಓಡಿ ಬರುವ ಕೆಲಸ ಯಾರಿಗೂ ಬೇಡ. ಆ ಕೆಲಸವನ್ನೇ ಹೊಟ್ಟೆಪಾಡು ಮಾಡಿಕೊಂಡು ವರ್ಷಗಟ್ಟಲೆ ಭಾರತದಲ್ಲಿ ಆಡಿದ ಜಪಾನಿ ಆಟಗಾರ ಕತ್ಸುಮಿ ಯುಸಾ. ಬೆಂಗಳೂರಿಗರು ಮರೆಯಲು ಬಯಸುವ ಒಂದು ಸಂಜೆಗೂ ಅವರಿಗೂ ನಂಟಿದೆ.

2015ರ ಮೇ 31, ಕಂಠೀರವ ಕ್ರೀಡಾಂಗಣ. ಆಗ ದೇಶದ ಅಗ್ರ ಫುಟ್‌ಬಾಲ್ ಲೀಗ್ ಆಗಿದ್ದ ಐ-ಲೀಗ್‌ನ ಆ ಋತುವಿನ ಕೊನೆಯ ಪಂದ್ಯ. ಬೆಂಗಳೂರು ಎಫ್‌ಸಿ ಗೆದ್ದರೆ ಸತತ ಎರಡನೇ ವರ್ಷ ಪಟ್ಟ. ಎದುರಾಳಿ ಮೋಹನ್ ಬಾಗನ್‌ಗೆ ಡ್ರಾ ಆದರೂ ಸಾಕು. ಮೊದಲಾರ್ಧದಲ್ಲೇ ಜಾನ್ ಜಾನ್ಸನ್ ಗೋಲು ಹೊಡೆದಾಗ ಟ್ರೋಫಿ ಇಲ್ಲೇ ಉಳಿಯಿತು ಅಂದುಕೊಂಡೆವು. 87ನೇ ನಿಮಿಷದಲ್ಲಿ ಬಾಗನ್‌ನ ಬೆಲ್ಲೊ ರಜಾಕ್ ಚೆಂಡಿಗೆ ತಲೆ ಕೊಟ್ಟರು, 1–1. ಹದಿಮೂರು ವರ್ಷ ಕಾದಿದ್ದ ಬಾಗನ್‌ಗೆ ಪಟ್ಟ ಸಿಕ್ಕಿತು. ಆ ತಂಡದ ಮಿಡ್‌ಫೀಲ್ಡ್‌ನ ಉಸಿರು ಕತ್ಸುಮಿ. ಮುಂದೆ ಅವರು ಬಾಗನ್ ನಾಯಕರೂ ಆದರು. 2017ರ ಫೆಡರೇಷನ್ ಕಪ್ ಫೈನಲ್‌ನಲ್ಲಿ, ಕಟಕ್‌ನಲ್ಲಿ, ಇದೇ ಬಾಗನ್ ವಿರುದ್ಧ ನಮ್ಮ ಸಿ.ಕೆ. ವಿನೀತ್ ಹೆಚ್ಚುವರಿ ಸಮಯದಲ್ಲಿ ಎರಡು ಗೋಲು ಹೊಡೆದು ನಮ್ಮ ಲೆಕ್ಕ ಚುಕ್ತಾ ಮಾಡಿದ್ದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ.

ಬಾಗನ್‌ಗೆ ಬರುವ ಮುನ್ನ ಕತ್ಸುಮಿ ಆಡುತ್ತಿದ್ದದ್ದು ಒಎನ್‌ಜಿಸಿಗೆ. ಹೌದು, ತೈಲ ತೆಗೆಯುವ ಆ ಸರ್ಕಾರಿ ಕಂಪನಿಗೇ. 2010ರಲ್ಲಿ ಎರಡನೇ ಡಿವಿಷನ್‌ನಿಂದ ಐ-ಲೀಗ್‌ಗೆ ಒಟ್ಟಿಗೇ ಮೇಲೇರಿದ್ದು ಎರಡು ತಂಡಗಳು: ಒಂದು ಒಎನ್‌ಜಿಸಿ, ಇನ್ನೊಂದು ನಮ್ಮ ಊರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನದು.

ಎಚ್‌ಎಎಲ್ ತಂಡ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ದೂರವಾಣಿನಗರದ ಐಟಿಐ, ಜಾಲಹಳ್ಳಿಯ ಬಿಇಎಲ್ ಮತ್ತು ಎಚ್‌ಎಂಟಿ, ಬಿಇಎಂಎಲ್ – ಬೆಂಗಳೂರಿನ ಅಂಚಿನಲ್ಲಿ ಸೈರನ್ ಕೂಗಿದ ಕಡೆಯಲ್ಲೆಲ್ಲ ಚೆಂಡೂ ಪುಟಿಯುತ್ತಿತ್ತು. ವ್ಯವಸ್ಥೆ ಸರಳ. ಚೆನ್ನಾಗಿ ಆಡುವ ಹುಡುಗನಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ. ಬೆಳಗ್ಗೆ ಪ್ರಾಕ್ಟೀಸ್, ಆಮೇಲೆ ಡ್ಯೂಟಿ, ಕ್ಯಾಂಟೀನ್ ಊಟ. ಮೊಣಕಾಲು ಹೋದರೂ ಸಂಬಳ ಹೋಗದು. ಸ್ಟೋರ್ಸ್ ವಿಭಾಗದ ಕುರ್ಚಿ ಕಾದಿರುತ್ತಿತ್ತು. ಹಲಸೂರು, ಆಸ್ಟಿನ್‌ಟೌನ್‌ನ ಮನೆಗಳಲ್ಲಿ ‘ಆಡಿ ಏನು ಮಾಡ್ತೀಯ’ ಎಂದು ಗದರುವ ಅಪ್ಪಂದಿರ ಬಾಯಿ ಮುಚ್ಚಿಸಲು ಇಷ್ಟು ಸಾಕಿತ್ತು.

ಆಸ್ಟಿನ್‌ಟೌನ್ ಅಂದಾಗ ಕಾರ್ಲ್‌ಟನ್ ಚಾಪ್‌ಮನ್ ನೆನಪಾಗದೆ ಇರುವುದಿಲ್ಲ. ಈ ಊರು ಕಂಡ ದೊಡ್ಡ ಮಿಡ್‌ಫೀಲ್ಡರ್. ಆದರೆ ಅವರನ್ನು ತಿದ್ದಿದ್ದು ಜಮ್‌ಶೆಡ್‌ಪುರದ ಟಾಟಾ ಅಕಾಡೆಮಿ. 1993ರಲ್ಲಿ ಈಸ್ಟ್ ಬೆಂಗಾಲ್ ಪರ ಇರಾಕ್‌ನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದರು. 1996–97ರ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿಯಲ್ಲಿದ್ದರು. ಅದೂ ಪಂಜಾಬಿನ ಒಂದು ಬಟ್ಟೆ ಗಿರಣಿಯ ತಂಡ. 2020ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡಾಗ ಅವರಿಗೆ ಇನ್ನೂ 49.

ಈಗ ಜಪಾನಿನತ್ತ ಒಂದು ನೋಟ. ಅಲ್ಲಿಯೂ ಫುಟ್‌ಬಾಲ್ ಬೆಳೆದದ್ದು ಕಾರ್ಖಾನೆಯ ಕಾಂಪೌಂಡಿನೊಳಗೇ. 1993ರಲ್ಲಿ ಜೆ-ಲೀಗ್ ಶುರುವಾದಾಗ ಒಂದು ಷರತ್ತು ಹಾಕಿದರು: ತಂಡದ ಹೆಸರಲ್ಲಿ ಕಂಪನಿ ಬೇಡ, ಊರು ಇರಲಿ. ಮಿತ್ಸುಬಿಷಿಯ ತಂಡ ಉರಾವಾ ರೆಡ್ಸ್ ಆಯಿತು, ಟೊಯೊಟಾದ್ದು ನಗೋಯಾ ಗ್ರಾಂಪಸ್. ದುಡ್ಡು ಕಂಪನಿಯದೇ, ಅಭಿಮಾನ ಮಾತ್ರ ಊರಿನದು. ಐದೇ ವರ್ಷದಲ್ಲಿ, 1998ರಲ್ಲಿ, ಜಪಾನ್ ವಿಶ್ವಕಪ್ ಆಡಿತು.

ನಮ್ಮಲ್ಲಿ ತಿರುವುಮುರುವು. ಎಚ್‌ಎಎಲ್ 2012ರಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು. 2013ರಲ್ಲಿ ಒಎನ್‌ಜಿಸಿ, ಏರ್ ಇಂಡಿಯಾ ಎರಡನ್ನೂ ಏಷ್ಯನ್ ಒಕ್ಕೂಟದ ಕ್ಲಬ್ ಲೈಸೆನ್ಸ್ ನಿಯಮಕ್ಕೆ ಹೊಂದುವುದಿಲ್ಲವೆಂದು ಹೊರಗಿಟ್ಟರು. ಅದೇ ವರ್ಷ ಜೆಎಸ್‌ಡಬ್ಲ್ಯು ಹಣ ಹಾಕಿದ ಬೆಂಗಳೂರು ಎಫ್‌ಸಿ ನೇರ ಪ್ರವೇಶ ಪಡೆದು ಮೊದಲ ಸಲವೇ ಲೀಗ್ ಗೆದ್ದಿತು. ಆ ಕ್ಲಬ್ ಬಂದದ್ದು ಒಳ್ಳೆಯದೇ, ತಕರಾರಿಲ್ಲ. ಆದರೆ ಹಳೇ ಮರಕ್ಕೆ ಕಸಿ ಕಟ್ಟಬಹುದಿತ್ತು. ನಾವು ಅದನ್ನು ಒಣಗಲು ಬಿಟ್ಟು ಪಕ್ಕದಲ್ಲಿ ಹೊಸ ಸಸಿ ನೆಟ್ಟೆವು. 1961ರಲ್ಲಿ ಜಾಲಹಳ್ಳಿಯ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯಿಂದ ಕೈಗಡಿಯಾರ ಮಾಡುವುದನ್ನು ಕಲಿತಿತು. ತಂಡ ಕಟ್ಟುವುದನ್ನೂ ಅವರಿಂದಲೇ ಕಲಿಯಬಹುದಿತ್ತು ಎನ್ನುವುದು ಈಗ ಹೇಳುವ ಮಾತು.

ಇನ್ನೊಬ್ಬ ಮಿಡ್‌ಫೀಲ್ಡರ್‌ನ ಕತೆಯೂ ಇಲ್ಲೇ ಸೇರುತ್ತದೆ. ಅರಾಟಾ ಇಜುಮಿ, 1982ರಲ್ಲಿ ಜಪಾನಿನ ಯಮಗುಚಿ ಪ್ರಾಂತ್ಯದಲ್ಲಿ ಹುಟ್ಟಿದವರು. ತಾಯಿ ಜಪಾನಿ, ತಂದೆ ಗುಜರಾತ್ ಮೂಲದವರು. ಇಜುಮಿ ಅಲ್ಲಿ ಆಡಿದ ತಂಡಗಳಲ್ಲಿ ಒಂದು ಮಿತ್ಸುಬಿಷಿ ಮೋಟಾರ್ಸ್‌ನ ಮಿಜುಶಿಮಾ ಘಟಕದ್ದು, ಅಂದರೆ ಅದೂ ಕಾರ್ಖಾನೆ ತಂಡ. 2006ರಲ್ಲಿ ಈಸ್ಟ್ ಬೆಂಗಾಲ್‌ಗೆ ಬಂದವರು ಮಹೀಂದ್ರಾ ಯುನೈಟೆಡ್‌ಗೆ ಆಡಿ, ಪುಣೆಯಲ್ಲಿ ನೆಲೆ ಕಂಡರು. ಭಾರತದ ಕಾನೂನು ಎರಡು ಪೌರತ್ವ ಒಪ್ಪುವುದಿಲ್ಲ. ಜಪಾನ್ ಪಾಸ್‌ಪೋರ್ಟ್ ಬಿಟ್ಟುಕೊಟ್ಟು, ನೀಲಕಂಠ ಎಂಬ ಹೆಸರಲ್ಲಿ ಭಾರತೀಯರಾಗಿ 2013ರಲ್ಲಿ ದೇಶದ ಜೆರ್ಸಿ ತೊಟ್ಟರು. ಹನ್ನೆರಡು ವರ್ಷಗಳ ಮೇಲೆ, 2025ರಲ್ಲಿ, ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಅದೇ ದಾರಿ ಹಿಡಿದಾಗ ಎಲ್ಲರ ಬಾಯಲ್ಲೂ ಮತ್ತೆ ಇಜುಮಿ ಹೆಸರು.

ಕತ್ಸುಮಿ ಭಾರತೀಯರಾಗಲಿಲ್ಲ. ಬಾಗನ್ ಬಿಟ್ಟು ಎದುರು ಪಾಳಯದ ಈಸ್ಟ್ ಬೆಂಗಾಲ್ ಸೇರಿದರು, ಅಲ್ಲಿಂದ ಇಂಫಾಲದ ನೆರೋಕಾ, ಆಮೇಲೆ ಚೆನ್ನೈ ಸಿಟಿ. ಕೂಲಿಗೆ ತಕ್ಕ ಓಟ, ಗದ್ದಲವಿಲ್ಲದ ಆಟ. ನನ್ನ ಮಟ್ಟಿಗೆ, ಜೊತೆಗೆ ಆಡಿದ ಸೋನಿ ನೋರ್ಡೆಯಂಥ ತಾರೆಗಿಂತ ಈ ಜಪಾನಿಯೇ ಆ ಬಾಗನ್ ತಂಡದ ಬೆನ್ನೆಲುಬು.

ವೈಟ್‌ಫೀಲ್ಡ್‌ನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಂಟೆಗಿಷ್ಟೆಂದು ಕೊಟ್ಟು ಚೆಂಡು ಒದೆಯುವ ಗೆಳೆಯರಲ್ಲಿ ಒಂದು ಕೋರಿಕೆ. ವೈಟ್‌ಫೀಲ್ಡ್‌ನಿಂದ ನೇರಳೆ ಮೆಟ್ರೊ ಹತ್ತಿ ಎಂ.ಜಿ. ರಸ್ತೆಯಲ್ಲಿ ಇಳಿದರೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ನಡೆದು ಹೋಗುವಷ್ಟು ಹತ್ತಿರ. ಜಿಲ್ಲಾ ಲೀಗ್ ನಡೆಯುವಾಗ ಒಂದು ಸಂಜೆ ಹೋಗಿ ಕುಳಿತುಕೊಳ್ಳಿ. ಚೆಂಡು ಬಿಟ್ಟು, ನಡುವೆ ಓಡುವವನೊಬ್ಬನನ್ನೇ ತೊಂಬತ್ತು ನಿಮಿಷ ನೋಡಿ.