ಕುಡಿಯೋದು ಬಿಡಬೇಕಾ? ಒಬ್ರ ನೂಕಬ್ಯಾಡ್ರಿ

ಬಿಡಬೇಕಂತ ಮನಸ್ಸೈತಿ.
ಆದ್ರ ನವಲಗುಂದದಾಗ, ಕುಂದಗೋಳದಾಗ
ಯಾರ ಮುಂದ ಹೇಳೋದ್ರಿ?

ಮಳಿಗಾಲದಾಗ ಎರಿ ಹೊಲದಾಗ ಹುಗಿದ ಚಕ್ಕಡಿ ನೋಡೀರಲ್ಲ?
ಒಬ್ಬವ ಎಷ್ಟ ನೂಕಿದ್ರೂ ಅಲ್ಲೇ.
ನಾಕ ಮಂದಿ ಹೆಗಲ ಕೊಟ್ರ ಮ್ಯಾಲ ಬರತೈತಿ.

1935ರಾಗ, ಅಮೆರಿಕಾದಾಗ,
ಕುಡಿತಕ್ಕ ಬಿದ್ದ ಇಬ್ಬರು,
ಅದರಾಗ ಒಬ್ಬ ಡಾಕ್ಟರ್,
ಹಿಂಗ ಒಬ್ಬರಿಗೊಬ್ಬರು ಹೆಗಲ ಕೊಟ್ರು.
ಅದ ಆಲ್ಕೊಹಾಲಿಕ್ಸ್ ಅನಾನಿಮಸ್. ಎಎ.

ಎಎ ಸಭಾಕ್ಕ ಫೀ ಇಲ್ಲ.
ಅಡ್ಡಹೆಸರು ಕೇಳಂಗಿಲ್ಲ.
ನಮ್ಮ ಕಡೆ ಇದ ದೊಡ್ಡ ಮಾತ್ರಿ!
ಮೊದಲನೇ ದಿನ ಹಿಂದಿನ ಕುರ್ಚಿ ಹಿಡದು
ಸುಮ್ನ ಕೇಳಿಸ್ಕೊಂಡು ಎದ್ದ ಬಂದ್ರೂ ನಡೀತೈತಿ.

ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಕೇಳೀರಲ್ಲ?
ಶಿಬಿರ ಮುಗಿಸಿದವರು ಕೂಡೋದು
‘ನವಜೀವನ ಸಮಿತಿ’ಯೊಳಗ.
ಮನ್ಯಾಗಿನ ಹೆಣಮಕ್ಕಳು ಈ ಯೋಜನೆಯ ಸಂಘದಾಗ ಇದ್ರ
ಸೇವಾಪ್ರತಿನಿಧಿ ಅಕ್ಕಾರನ್ನ ಕೇಳ್ರಿ.

ಆದ್ರ ದಿನಾ ಜೋರ ಕುಡಿಯೋರು
ಒಮ್ಮೆಲೇ ಬಿಡಬ್ಯಾಡ್ರಿ.
ಕೈ ನಡುಗತಾವು, ಫಿಟ್ಸ್ ಬರಬಹುದು.
ಮೊದಲ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರಿಗೆ ಹೋಗಿ
ಡಾಕ್ಟರಿಗೆ ತೋರಸ್ರಿ.

ಕೇಳಾಕ ನಾಚಿಕಿ ಅನಸ್ತದ?
ನಶಾಮುಕ್ತಿ ಸಹಾಯವಾಣಿ 14446ಕ್ಕ ಫೋನ್ ಹಚ್ರಿ. ಪುಕ್ಕಟ.
ಕುಡಿಯೋರ ಹಚ್ಚಬೇಕಂತಿಲ್ಲ,
ಹೆಂಡ್ತಿ, ಅವ್ವ, ಮಗಳು
ಯಾರ ಬೇಕಾದ್ರೂ ಮಾತಾಡ್ರಿ.