ಮಸ್ಟರ್ ಪುಸ್ತಕದ ಜಾಣತನ

ಕಳಸದ ಕಡೆಯ ಒಂದು ಕಾಫಿ ತೋಟದ ಆಫೀಸು. ಲೆಕ್ಕ ಬರೆಯುವ ರೈಟರು ಒಬ್ಬ ಆಳಿನ ಹೆಸರಿನ ಮುಂದೆ ಕೊಯ್ದದ್ದು 62 ಕೆಜಿ ಎಂದು ಹೊಡೆದು ಎಂಟರ್ ಒತ್ತಿದರು. ಪರದೆಯ ಮೇಲೆ ನೀಲಿ ಚಕ್ರ ಸುತ್ತತೊಡಗಿತು. ಎದ್ದು ಹೋಗಿ ಕಣದಲ್ಲಿ ಹರಡಿದ್ದ ರೋಬಸ್ಟಾ ನೋಡಿ ಬಂದರೂ ಚಕ್ರ ನಿಂತಿರಲಿಲ್ಲ. "ಮುದಿಯಾಗಿದೆ ಮಾರಾಯ್ರೆ, ಹೊಸದು ತರಿಸ್ಬೇಕು" ಎಂದರು. ನಾನು ಸುಮ್ಮನಿದ್ದೆ. ಆ ಎಕ್ಸೆಲ್ ಫೈಲು ಮಾಡಿಕೊಟ್ಟವನು ನಾನೇ.

ಫೈಲಿನಲ್ಲಿ 180 ಆಳುಗಳು. ಒಬ್ಬೊಬ್ಬರಿಗೆ ದಿನಕ್ಕೊಂದು ಸಾಲು, ರಜೆಯ ದಿನಕ್ಕೂ ಸೊನ್ನೆ ಹಾಕಿ ಒಂದು ಸಾಲು; ವರ್ಷಕ್ಕೆ 65,700. ಎಕ್ಸೆಲ್ 2007 ಬರುವವರೆಗೆ ಒಂದು ಹಾಳೆ ಹಿಡಿಯುತ್ತಿದ್ದದ್ದು 65,536 ಸಾಲು ಮಾತ್ರ. ಆ ಕಾಲದಲ್ಲಾಗಿದ್ದರೆ ಡಿಸೆಂಬರ್ 31ರಂದು 164 ಆಳುಗಳ ಲೆಕ್ಕಕ್ಕೆ ಜಾಗವೇ ಇರುತ್ತಿರಲಿಲ್ಲ. ಈಗ 10,48,576 ಸಾಲುಗಳಿವೆ. ಜಾಗ ಸಿಕ್ಕಿದ ಮೇಲೆ ನಮಗೆ ಸೋಮಾರಿತನವೂ ಬಂತು.

ನನ್ನ ತಪ್ಪು ಇದ್ದದ್ದು ಕೊನೆಯ ಕಂಬಸಾಲಿನಲ್ಲಿ. ಇವತ್ತಿನವರೆಗೆ ಕೊಟ್ಟ ಒಟ್ಟು ಕೂಲಿ ಬರಲಿ ಎಂದು, ಪ್ರತಿ ಸಾಲಿನಲ್ಲೂ 'ಮೊದಲ ಸಾಲಿನಿಂದ ಇಲ್ಲಿಯವರೆಗೆ ಕೂಡು' ಎಂಬ ಸೂತ್ರ ಹಾಕಿ ಕೆಳಗಿನ ತನಕ ಎಳೆದುಬಿಟ್ಟಿದ್ದೆ. ಹತ್ತನೇ ಸಾಲು ಹತ್ತು ಅಂಕಿ ಕೂಡುತ್ತದೆ, ಹನ್ನೊಂದನೆಯದು ಆ ಹತ್ತನ್ನೂ ಮರೆತು ಮತ್ತೆ ಮೊದಲಿಂದ ಶುರು ಮಾಡುತ್ತದೆ. 65,700ನೇ ಸಾಲಿಗೆ ಬರುವಷ್ಟರಲ್ಲಿ ಒಟ್ಟು ಸುಮಾರು 216 ಕೋಟಿ ಕೂಡಿಕೆ!

ಬೀರುವಿನಲ್ಲಿದ್ದ, ಕೂಲಿ ಲೆಕ್ಕದ ಹಳೆಯ ಮಸ್ಟರ್ ಪುಸ್ತಕ ತೆಗೆಸಿದೆ. ಪ್ರತಿ ಪುಟದ ತಲೆಯಲ್ಲಿ 'ಹಿಂದಿನ ಪುಟದಿಂದ' ಎಂದು ಒಂದು ಮೊತ್ತ, ಅದರ ಕೆಳಗೆ ಆ ದಿನದ್ದು. ಆಗಿನ ರೈಟರಿಗೆ ಜನವರಿಯಿಂದ ದಿನಾ ಕೂಡುವಷ್ಟು ತಾಳ್ಮೆ ಎಲ್ಲಿತ್ತು? ಕೈ ನೋಯುತ್ತಿತ್ತು, ಹಾಗಾಗಿ ಬುದ್ಧಿ ಓಡಿತು. ಅದೇ ರೀತಿ 'ಮೇಲಿನ ಮೊತ್ತಕ್ಕೆ ಈ ಸಾಲಿನ ಕೂಲಿ ಸೇರಿಸು' ಎಂದು ಬದಲಿಸಿದೆ. ಈಗ 65,700 ಕೂಡಿಕೆ ಸಾಕು, ಮೊದಲಿನ ಕೆಲಸದ ಸುಮಾರು 33 ಸಾವಿರದಲ್ಲೊಂದು ಪಾಲು. ಎರಡು ಪಟ್ಟು ಚುರುಕಿನ ಹೊಸ ಯಂತ್ರ ತಂದಿದ್ದರೆ ಕಾಯುವ ಹೊತ್ತು ಅರ್ಧವಾಗುತ್ತಿತ್ತು, ಅಷ್ಟೇ.

ಆದರೂ ಒಂದು ಅಂಕಿ ಹೊಡೆದರೆ ಇಡೀ ಹಾಳೆ ಏಕೆ ಕದಲಬೇಕು? 1979ರಲ್ಲಿ ಆಪಲ್ 2 ಯಂತ್ರಕ್ಕೆ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ವಿಸಿಕ್ಯಾಲ್ಕ್ ಮಾಡಿದ್ದೇ ಒಂದು ಅಂಕಿ ಬದಲಾದರೆ ಅದನ್ನು ನಂಬಿದ್ದೆಲ್ಲ ತಾನೇ ಬದಲಾಗಲಿ ಎಂದು. ಎಕ್ಸೆಲ್ ಯಾವ ಮನೆ (ಸೆಲ್) ಯಾವುದನ್ನು ನಂಬಿದೆ ಎಂದು ಗುರುತಿಟ್ಟುಕೊಂಡು, ಬೇಕಾದಷ್ಟನ್ನೇ ಮತ್ತೆ ಲೆಕ್ಕ ಹಾಕುತ್ತದೆ. ಟುಡೇ, ಆಫ್‌ಸೆಟ್, ಇನ್‌ಡೈರೆಕ್ಟ್‌ನಂಥ ಕೆಲವು ಸೂತ್ರಗಳು ಮಾತ್ರ ಇದಕ್ಕೆ ಹೊರತು. ಎಲ್ಲೇ ಏನೇ ಬರೆದರೂ ಇವು ಎದ್ದು ಕೂರುತ್ತವೆ, ತಮ್ಮನ್ನು ನಂಬಿದವರನ್ನೂ ಎಬ್ಬಿಸುತ್ತವೆ. ನಾನು ಪ್ರತಿ ಸಾಲಿನ ಕೂಲಿಗೂ 'ತಾರೀಖು ಇವತ್ತಿನದೋ ಹಿಂದಿನದೋ ಆದರೆ ಮಾತ್ರ' ಎಂದು ಟುಡೇ ಸೇರಿಸಿದ್ದೆ. ಅದನ್ನು ಕಿತ್ತೆ. ಬೆಳಿಗ್ಗೆ ಬಂದ ಕೂಡಲೇ ರೈಟರು ಒಂದು ಮನೆಯಲ್ಲಿ ತಾರೀಖು ಹೊಡೆದರಾಯಿತು.

ಫೈಲು ತೆರೆಯುವುದು ಮಾತ್ರ ಇನ್ನೂ ನಿಧಾನವೇ ಇತ್ತು. ಕಂಟ್ರೋಲ್ ಜೊತೆ ಎಂಡ್ ಒತ್ತಿದರೆ ಕರ್ಸರು ಹತ್ತು ಲಕ್ಷ ಚಿಲ್ಲರೆ ಸಾಲಿನ ತಳಕ್ಕೆ ಹಾರಿತು. ಅಲ್ಲಿಯವರೆಗಿನ ಖಾಲಿ ಮನೆಗಳಿಗೂ ಯಾರೋ ಹಳದಿ ಬಳಿದಿದ್ದರು; ಎಕ್ಸೆಲ್ ಅಷ್ಟನ್ನೂ ಬಳಕೆಯಲ್ಲಿದೆ ಎಂದುಕೊಂಡಿತ್ತು. ಖಾಲಿ ಸಾಲುಗಳನ್ನು ಅಳಿಸಿ ಸೇವ್ ಮಾಡಿದೆ. ಇಷ್ಟಾದ ಮೇಲೂ ರ್‍ಯಾಮ್ ಸಾಲದಿದ್ದರೆ ಯಂತ್ರ ಹಾರ್ಡ್ ಡಿಸ್ಕಿಗೆ ಓಡಾಡಬೇಕಾಗುತ್ತದೆ. ಕಣ ತುಂಬಿ, ಒಂದೊಂದು ಹಿಡಿ ಕಾಫಿಗೂ ಗೋಡೌನಿಗೆ ಹೋಗಿ ಬಂದ ಹಾಗೆ. ಸುತ್ತುವ ಡಿಸ್ಕು ರ್‍ಯಾಮಿಗಿಂತ ಲಕ್ಷ ಪಟ್ಟಿನಷ್ಟು ನಿಧಾನ. ಆಗ ರ್‍ಯಾಮಿಗೋ ಎಸ್‌ಎಸ್‌ಡಿಗೋ ದುಡ್ಡು ಹಾಕಿದರೆ ನ್ಯಾಯ. ಇಲ್ಲಿ ಅಷ್ಟು ಬೇಕಾಗಲಿಲ್ಲ.

ಮುಂದಿನ ಆಳಿನ 48 ಕೆಜಿ ಹೊಡೆದು ರೈಟರು ಎಂಟರ್ ಒತ್ತಿದರು. ಚಕ್ರ ಕಾಣಿಸಲೇ ಇಲ್ಲ. ಮುಖ ಅರಳುವ ಬದಲು ಸಪ್ಪಗಾಯಿತು. ದನಿ ತಗ್ಗಿಸಿ ಹೇಳಿದರು: "ಹೊಸ ಕಂಪ್ಯೂಟರ್ ಬೇಕೇಬೇಕು ಅಂತ ಸಾಹುಕಾರ್ರಿಗೆ ಹೇಳಿಯಾಗಿದೆ. ನೀವೊಂದು ಸ್ವಲ್ಪ ಸುಮ್ನಿರಿ ಮಾರಾಯ್ರೆ."